ತಿಜೋರಿಯಲ್ಲಿ ಉಳಿದ ಕಾದಂಬರಿ

ಒಂದು ಹಳೇ ತಿಜೋರಿಯಿಂದ ಶುರು ಮಾಡೋಣ. 1989ರಲ್ಲಿ ಫ್ರಾನ್ಸಿನ ಒಂದು ಮನೆತನದವರು ತಮ್ಮ ಹಿರಿಯರ ಕಾಲದ, ವರ್ಷಗಟ್ಟಲೆ ಯಾರೂ ಮುಟ್ಟದೆ ಬಿಟ್ಟಿದ್ದ ತಿಜೋರಿಯನ್ನು ತೆರೆದರು. ಒಳಗೆ ಚಿನ್ನ ಬೆಳ್ಳಿ ಸಿಗಲಿಲ್ಲ. ಒಂದು ಕಾದಂಬರಿಯ ಹಸ್ತಪ್ರತಿ ಸಿಕ್ಕಿತು. ಬರೆದವನು ಆ ಮನೆತನದ ಮುತ್ತಾತ ಜೂಲ್ಸ್ ವರ್ನ್. ಬರೆದು ಸುಮಾರು 125 ವರ್ಷ ಆಗಿತ್ತು. ಅಲ್ಲಿಯವರೆಗೆ ಓದುಗರಲ್ಲಿ ಒಬ್ಬರೂ ಅದನ್ನು ನೋಡಿರಲಿಲ್ಲ.

ಆ ಕಥೆ ನಡೆಯುವುದು 1960ರ ಪ್ಯಾರಿಸ್‌ನಲ್ಲಿ. ಅಂದರೆ ವರ್ನ್ ಬರೆದ ಕಾಲಕ್ಕೆ ಅದು ಸುಮಾರು ನೂರು ವರ್ಷದಾಚೆಯ ಊರು. ಅಲ್ಲಿ ಎತ್ತರದ ಹಳಿಗಳ ಮೇಲೆ ರೈಲು ಓಡುತ್ತದೆ, ಕುದುರೆಯಿಲ್ಲದ ಗಾಡಿಗಳು ಗ್ಯಾಸ್ ಎಂಜಿನ್‌ನಿಂದ ಚಲಿಸುತ್ತವೆ, ಅಂಗಡಿಗಳು ವಿದ್ಯುತ್ ದೀಪದಲ್ಲಿ ಹೊಳೆಯುತ್ತವೆ, ಬರೆದ ಕಾಗದದ ನಕಲು ತಂತಿಯ ಮೂಲಕ ದೂರದ ಊರಿಗೆ ಹೋಗುತ್ತದೆ. ಎಲ್ಲರಿಗೂ ಓದು ಇದೆ, ಕೆಲಸ ಇದೆ. ಆದರೆ ಸಾಹಿತ್ಯ ಮಾತ್ರ ಯಾರಿಗೂ ಬೇಡ. ಮಿಶೆಲ್ ಎಂಬ ಹುಡುಗನಿಗೆ ಲ್ಯಾಟಿನ್ ಪದ್ಯ ರಚನೆಯಲ್ಲಿ ಬಹುಮಾನ ಬರುತ್ತದೆ, ನೆರೆದ ಜನ ನಗುತ್ತಾರೆ. ಅವನು ಪುಸ್ತಕದಂಗಡಿಗೆ ಹೋಗಿ ವಿಕ್ಟರ್ ಹ್ಯೂಗೋನ ಪುಸ್ತಕ ಕೇಳಿದರೆ ಅಂಗಡಿಯವನಿಗೆ ಆ ಹೆಸರೇ ಗೊತ್ತಿಲ್ಲ. ಕಪಾಟು ತುಂಬ ತಾಂತ್ರಿಕ ಪುಸ್ತಕಗಳು. ಹುಡುಗ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿ, ಅದನ್ನೂ ಕಳೆದುಕೊಂಡು, ಕೊನೆಗೆ ಭಯಂಕರ ಚಳಿಗಾಲದಲ್ಲಿ ಹಸಿದುಕೊಂಡು ಊರೆಲ್ಲ ಅಲೆದು, ಸ್ಮಶಾನದ ಹಿಮದಲ್ಲಿ ಕುಸಿದು ಬೀಳುತ್ತಾನೆ.

ಕನ್ನಡ ಸಂಘದ ಫಾರ್ಮ್ ತುಂಬಿದ ದಿನ ನಮ್ಮಲ್ಲಿ ಎಷ್ಟು ಜನ ರೂಮ್‌ಮೇಟ್ ಹತ್ತಿರ ಒಂದು ಮಾತು ಕೇಳಿಸಿಕೊಂಡಿಲ್ಲ ಹೇಳಿ? ಇದರಿಂದ ಪ್ಲೇಸ್‌ಮೆಂಟ್‌ಗೆ ಏನು ಉಪಯೋಗ ಅಂತ. ಮಿಶೆಲ್‌ನ ಕಥೆ ಓದಿದಾಗ ನನಗೆ ಮೊದಲು ನೆನಪಾದದ್ದು ಅದೇ ಮಾತು. ಯಂತ್ರಗಳ ಬಗ್ಗೆ ಜಗತ್ತಿಗೇ ಹುಚ್ಚು ಹಿಡಿಸಿದ ಲೇಖಕ, ತನ್ನ ಬರವಣಿಗೆಯ ಬದುಕು ಶುರುವಾಗುವ ಹೊತ್ತಿನಲ್ಲೇ, ಯಂತ್ರಗಳ ನಡುವೆ ಕವಿತೆಗೆ ಜಾಗವಿಲ್ಲದೆ ಸಾಯುವ ಹುಡುಗನ ಕಥೆ ಬರೆದಿದ್ದ. ಅದು ತಿಜೋರಿ ಸೇರಿದ್ದು ಯಾಕೆ? ಅದು ಸೇರಿದ ಮೇಲೆ ಆತ ಏನು ಮಾಡಿದ? ವರ್ನ್‌ನ ಕಸುಬು ಅರ್ಥವಾಗಬೇಕಾದರೆ ಈ ಎರಡು ಪ್ರಶ್ನೆ ಸಾಕು.

ಅಪ್ಪನ ಆಸೆ, ಮಗನ ಹಟ

ಜೂಲ್ಸ್ ವರ್ನ್ ಹುಟ್ಟಿದ್ದು 1828ರ ಫೆಬ್ರವರಿ 8ರಂದು, ಫ್ರಾನ್ಸಿನ ನಾಂತ್ ಎಂಬ ಬಂದರು ಪಟ್ಟಣದಲ್ಲಿ. ಲುವಾರ್ ನದಿಯ ಮಧ್ಯದ ಒಂದು ದ್ವೀಪದಲ್ಲಿ ಮನೆ. ಸುತ್ತ ಹಡಗುಗಳು, ಹಗ್ಗ, ಕೂವೆಮರ, ದೂರದೇಶದ ಸರಕು. ಹನ್ನೊಂದನೇ ವಯಸ್ಸಿಗೆ ಮನೆ ಬಿಟ್ಟು ಹಡಗು ಹತ್ತಿ ಓಡಿಹೋಗಲು ನೋಡಿದ, ಅಪ್ಪ ಹೋಗಿ ಹಿಡಿದು ತಂದರು ಅಂತ ಒಂದು ಕಥೆ ಬಹಳ ಪ್ರಸಿದ್ಧ. ಅದು ಆತ ಸತ್ತ ಮೇಲೆ ಬಂಧುಗಳ ಕಡೆಯಿಂದ ಬಂದ ಕಥೆ, ಈಗಿನ ಸಂಶೋಧಕರು ಅದನ್ನು ನಂಬುವುದಿಲ್ಲ. ನಿಜವಾಗಿ ಸಮುದ್ರಕ್ಕೆ ಹೋದದ್ದು ತಮ್ಮ ಪಾಲ್. ಅಣ್ಣನಾದ ಜೂಲ್ಸ್‌ಗೆ ಆ ಅದೃಷ್ಟ ಇರಲಿಲ್ಲ. ಅಪ್ಪ ವಕೀಲರು. ಹಿರಿಮಗ ಕಾನೂನು ಓದಬೇಕು, ಅಪ್ಪನ ಕಚೇರಿ ವಹಿಸಿಕೊಳ್ಳಬೇಕು. ಇದು ಮೊದಲೇ ತೀರ್ಮಾನವಾಗಿದ್ದ ಸಂಗತಿ. ಯಾವ ಬ್ರಾಂಚ್ ಅಂತ ಮನೆಯಲ್ಲಿ ಮೊದಲೇ ತೀರ್ಮಾನವಾಗಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹುಡುಗ ಕಾನೂನು ಓದಲು ಪ್ಯಾರಿಸ್‌ಗೆ ಹೋದ. ಓದಿದ, ಪಾಸೂ ಆದ. ಆದರೆ ಮನಸ್ಸೆಲ್ಲ ನಾಟಕದ ಮೇಲೆ. ಆಗ ದೊಡ್ಡ ಹೆಸರಾಗಿದ್ದ ಅಲೆಕ್ಸಾಂಡರ್ ಡ್ಯೂಮಾನ ಪರಿಚಯವಾಯಿತು. ಡ್ಯೂಮಾನ ರಂಗಮಂದಿರದಲ್ಲೇ 1850ರಲ್ಲಿ ವರ್ನ್‌ನ ಒಂದು ಪುಟ್ಟ ಹಾಸ್ಯ ನಾಟಕ ಪ್ರದರ್ಶನವಾಯಿತು. 1852ರಲ್ಲಿ ಅಪ್ಪ ತಮ್ಮ ಕಚೇರಿ ಬಿಟ್ಟುಕೊಡುತ್ತೇನೆ, ಬಾ ಎಂದು ಕರೆದರು. ಮಗ ಒಲ್ಲೆ ಎಂದ. ಒಂದು ರಂಗಮಂದಿರದ ಕಾರ್ಯದರ್ಶಿಯಾಗಿ ದುಡಿದ. ಆ ಕೆಲಸದಲ್ಲಿ ಓಡಾಟ ಜಾಸ್ತಿ, ಕಾಸು ಕಡಿಮೆ. ಬರೆದ ನಾಟಕಗಳಲ್ಲಿ ಯಾವುದೂ ಹೇಳಿಕೊಳ್ಳುವಂಥ ಹೆಸರು ತರಲಿಲ್ಲ.

ಆದರೆ ಆ ವರ್ಷಗಳಲ್ಲೇ ಇನ್ನೊಂದು ಅಭ್ಯಾಸ ಬೆಳೆಯಿತು. ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕೂತು ಭೂಗೋಳ, ಖಗೋಳ, ಯಂತ್ರ, ಪ್ರವಾಸ ಅಂತ ಸಿಕ್ಕಿದ್ದನ್ನೆಲ್ಲ ಓದುವುದು, ಟಿಪ್ಪಣಿ ಮಾಡಿಕೊಳ್ಳುವುದು. ಜಾಕ್ ಅರಾಗೋ ಎಂಬ ಪ್ರವಾಸಿಯ ಒಡನಾಟವೂ ಆಯಿತು. ಕಣ್ಣು ಕಳೆದುಕೊಂಡ ಮೇಲೂ ಪ್ರವಾಸ ನಿಲ್ಲಿಸದ ಮನುಷ್ಯ ಅವನು. 1851ರಲ್ಲಿ ಒಂದು ಕೌಟುಂಬಿಕ ಪತ್ರಿಕೆಯಲ್ಲಿ ವರ್ನ್‌ನ ಎರಡು ಬರಹ ಬಂದವು, ಅದರಲ್ಲಿ ಒಂದು ಬಲೂನು ಪ್ರಯಾಣದ ಕಥೆ. ವಿಜ್ಞಾನದ ಮಾಹಿತಿಯನ್ನು ಕಥೆಯ ಒಳಗೇ ಕರಗಿಸಬಹುದು ಅನ್ನುವ ಯೋಚನೆ ಅಲ್ಲಿಂದಲೇ ಮೊಳೆಯಿತು. ಅದು ಗಿಡವಾಗಲು ಇನ್ನೂ ಹನ್ನೆರಡು ವರ್ಷ ಬೇಕಾಯಿತು.

1857ರಲ್ಲಿ ಒನೊರಿನ್ ಎಂಬ ವಿಧವೆಯನ್ನು ಮದುವೆಯಾದ. ಆಕೆಗೆ ಮೊದಲ ಮದುವೆಯಿಂದ ಇಬ್ಬರು ಹೆಣ್ಣುಮಕ್ಕಳು. ಈಗ ಸಂಸಾರ ನಡೆಯಬೇಕಲ್ಲ? ಅಪ್ಪನ ಹಣದ ನೆರವು ಪಡೆದು ಪ್ಯಾರಿಸ್‌ನ ಷೇರುಪೇಟೆಯಲ್ಲಿ ದಲ್ಲಾಳಿ ಕೆಲಸಕ್ಕೆ ಸೇರಿದ. ಬೆಳಗಿನ ಜಾವ ಎದ್ದು ಬರೆಯುವುದು, ಆಮೇಲೆ ಷೇರುಪೇಟೆಗೆ ಹೋಗುವುದು. 1861ರಲ್ಲಿ ಮಗ ಮಿಶೆಲ್ ಹುಟ್ಟಿದ. ತಿಜೋರಿಯ ಕಾದಂಬರಿಯ ಹುಡುಗನಿಗೂ ಇದೇ ಹೆಸರು, ಗಮನಿಸಿ.

ಹೌದು ಮತ್ತು ಬೇಡ

1862ರಲ್ಲಿ ವರ್ನ್ ತನ್ನ ಹಸ್ತಪ್ರತಿ ಹಿಡಿದುಕೊಂಡು ಪಿಯೆರ್ ಜೂಲ್ ಹೆಟ್ಜೆಲ್ ಎಂಬ ಪ್ರಕಾಶಕನ ಹತ್ತಿರ ಹೋದ. ಹೆಟ್ಜೆಲ್ ಸಾಮಾನ್ಯನಲ್ಲ. ಹ್ಯೂಗೋನಂಥವರ ಪುಸ್ತಕ ಪ್ರಕಟಿಸಿದವನು, ರಾಜಕೀಯ ಕಾರಣಕ್ಕೆ ಕೆಲಕಾಲ ದೇಶ ಬಿಟ್ಟು ಇರಬೇಕಾಗಿ ಬಂದವನು, ಮಕ್ಕಳಿಗೂ ಮನೆಮಂದಿಗೂ ಒಳ್ಳೇ ವಿಜ್ಞಾನದ ಓದು ಕೊಡಬೇಕು ಎಂದು ಪತ್ರಿಕೆಯ ತಯಾರಿಯಲ್ಲಿದ್ದವನು. ವರ್ನ್‌ನಂಥ ಲೇಖಕನೇ ಅವನಿಗೆ ಬೇಕಿತ್ತು.

ಮೊದಲ ಕಾದಂಬರಿ ಬಲೂನಿನಲ್ಲಿ ಐದು ವಾರ ಆಫ್ರಿಕಾ ದಾಟುವ ಕಥೆ. ಅದರಲ್ಲಿ ನಮಗೆ ಇಷ್ಟವಾಗುವಂಥ ಒಂದು ಸಮಸ್ಯೆ ಇದೆ. ಬಲೂನು ಮೇಲೇರಬೇಕಾದರೆ ಮರಳಿನ ಚೀಲ ಬಿಸಾಡಬೇಕು, ಇಳಿಯಬೇಕಾದರೆ ಗ್ಯಾಸ್ ಬಿಡಬೇಕು. ಎರಡೂ ಒಂದು ದಿನ ಮುಗಿದುಹೋಗುತ್ತವೆ. ಹಾಗಿದ್ದರೆ ಐದು ವಾರ ಹಾರುವುದು ಹೇಗೆ? ವರ್ನ್‌ನ ನಾಯಕ ಬ್ಯಾಟರಿಯಿಂದ ನೀರನ್ನು ಜಲಜನಕ, ಆಮ್ಲಜನಕವಾಗಿ ಒಡೆಯುತ್ತಾನೆ, ಅದನ್ನು ಉರಿಸಿ ಬಲೂನಿನ ಗ್ಯಾಸನ್ನು ಕೊಳವೆಯ ಸುರುಳಿಯಲ್ಲಿ ಬಿಸಿ ಮಾಡುತ್ತಾನೆ. ಬಿಸಿಯಾದರೆ ಏರುತ್ತದೆ, ತಣ್ಣಗಾದರೆ ಇಳಿಯುತ್ತದೆ. ಜಲಜನಕ ತುಂಬಿದ ಬಲೂನಿನ ಕೆಳಗೆ ಬೆಂಕಿ ಇಡುವ ಧೈರ್ಯ ಕಾದಂಬರಿಯಲ್ಲಿ ಮಾತ್ರ ಸಾಧ್ಯ, ಬಿಡಿ. ಆದರೆ ಯೋಚಿಸಿದ ದಾರಿ ನೋಡಿ. ಮಂತ್ರ ಇಲ್ಲ, ಮಾಯೆ ಇಲ್ಲ. ಸಮಸ್ಯೆಯನ್ನು ಮೊದಲು ಓದುಗನ ಮುಂದಿಡುವುದು, ಆಮೇಲೆ ಆ ಕಾಲದಲ್ಲಿ ಸಿಗುವ ಸಾಮಾನಿನಿಂದಲೇ ಬಿಡಿಸುವುದು. ಪುಸ್ತಕ ಹೊರಬಂದದ್ದು 1863ರ ಜನವರಿ 31ರಂದು. ವರ್ನ್‌ಗೆ 35 ತುಂಬಲು ಇನ್ನು ಒಂದು ವಾರ ಬಾಕಿ. ಪುಸ್ತಕ ಗೆದ್ದಿತು.

ಆ ಗೆಲುವಿನ ಬಿಸಿಯಲ್ಲೇ ವರ್ನ್ 1960ರ ಪ್ಯಾರಿಸ್‌ನ ಕಾದಂಬರಿ ತಂದುಕೊಟ್ಟ. ಹೆಟ್ಜೆಲ್ ಓದಿ, ಅಂಚಿನಲ್ಲಿ ಗೀಚಿ, ಬೇಡ ಅಂದ. ಸುಮ್ಮನೆ ಬೇಡ ಅನ್ನಲಿಲ್ಲ, ಉದ್ದದ ಪತ್ರ ಬರೆದ. ಈ ಭವಿಷ್ಯವನ್ನು ಯಾರೂ ನಂಬುವುದಿಲ್ಲ, ನೀನು ಇನ್ನೂ ಇಂಥ ಪುಸ್ತಕಕ್ಕೆ ಮಾಗಿಲ್ಲ, ಈಗ ಅಚ್ಚು ಹಾಕಿದರೆ ನಿನ್ನ ಹೆಸರೇ ಹಾಳಾಗುತ್ತದೆ ಅನ್ನುವುದು ಅದರ ಸಾರಾಂಶ. ಲ್ಯಾಬ್ ರೆಕಾರ್ಡ್ ವಾಪಸ್ ಬಂದರೆ ನಮಗೆ ವಾರ ಪೂರ್ತಿ ಬೇಜಾರು. ಒಂದು ಕಾದಂಬರಿ ವಾಪಸ್ ಬಂದರೆ ಹೇಗಿರಬೇಡ?

ವರ್ನ್ ಬೇರೆ ಪ್ರಕಾಶಕನ ಬಾಗಿಲಿಗೆ ಅದನ್ನು ಒಯ್ಯಲಿಲ್ಲ. ತಿದ್ದಿ ಮತ್ತೆ ತರಲೂ ಇಲ್ಲ. ಎತ್ತಿಟ್ಟ. ಮತ್ತೆ ಕೂತು ಬರೆಯಲು ಶುರು ಮಾಡಿದ. 1864ರಲ್ಲಿ ಭೂಮಿಯ ಒಡಲಿಗೆ ಇಳಿಯುವ ಪ್ರಯಾಣದ ಕಾದಂಬರಿ ಬಂತು. ಅದೇ ವರ್ಷ ಹೆಟ್ಜೆಲ್‌ನ ಪತ್ರಿಕೆಯಲ್ಲಿ ಕ್ಯಾಪ್ಟನ್ ಹ್ಯಾಟೆರಾಸ್ ಎಂಬ ಉತ್ತರ ಧ್ರುವದ ಹುಚ್ಚು ಹಿಡಿದ ನಾವಿಕನ ಕಥೆ ಧಾರಾವಾಹಿಯಾಗಿ ಶುರುವಾಯಿತು. ಅಲ್ಲೂ ಹೆಟ್ಜೆಲ್‌ನ ಪೆನ್ಸಿಲ್ ಸುಮ್ಮನಿರಲಿಲ್ಲ. ಮೂಲದಲ್ಲಿ ಹ್ಯಾಟೆರಾಸ್ ಧ್ರುವದ ಜ್ವಾಲಾಮುಖಿಗೆ ಬಿದ್ದು ಸಾಯುತ್ತಿದ್ದ. ಬದುಕಬೇಕು ಅಂದ ಪ್ರಕಾಶಕ. ಸರಿ, ವರ್ನ್ ಬದುಕಿಸಿದ. ಆದರೆ ಬದುಕಿಸಿದ್ದು ಹೇಗೆ ಗೊತ್ತಾ? ಬುದ್ಧಿ ಕಳೆದುಕೊಂಡ ಹ್ಯಾಟೆರಾಸ್ ಹುಚ್ಚಾಸ್ಪತ್ರೆಯ ತೋಟದಲ್ಲಿ ದಿನವೂ ನಡೆಯುತ್ತಾನೆ, ಯಾವಾಗಲೂ ಉತ್ತರ ದಿಕ್ಕಿಗೇ. ಸಾವಿಗಿಂತ ಈ ಅಂತ್ಯವೇ ಹೆಚ್ಚು ಕಾಡುತ್ತದೆ. ಮೇಲಿನವರು ತಿದ್ದು ಅಂದಾಗ ತಿದ್ದುಪಡಿಯನ್ನೇ ತನ್ನದಾಗಿ ಮಾಡಿಕೊಳ್ಳುವ ಈ ಜಾಣತನವನ್ನು ವರ್ನ್ ಹೀಗೆ ಕಲಿತ.

ಲೆಕ್ಕ ಹಾಕಿದ ಕನಸು

ವರ್ನ್ ಎಂಜಿನಿಯರ್ ಅಲ್ಲ, ವಿಜ್ಞಾನಿಯೂ ಅಲ್ಲ. ಕಾನೂನು ಪದವೀಧರ. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹತ್ತಿರ ಕೇಳುವ ಬುದ್ಧಿ ಇತ್ತು, ಅಷ್ಟೇ. ಚಂದ್ರನಿಗೆ ಹೋಗುವ ಕಾದಂಬರಿ (1865) ಬರೆಯುವಾಗ ಗಣಿತದ ಮೇಷ್ಟ್ರಾಗಿದ್ದ ತನ್ನ ಸೋದರಸಂಬಂಧಿ ಆನ್ರಿ ಗಾರ್ಸೆಯಿಂದ ಲೆಕ್ಕ ಮಾಡಿಸಿಕೊಂಡ.

ಆ ಲೆಕ್ಕವನ್ನು ನಾವೂ ಒಮ್ಮೆ ನೋಡೋಣ. ಕಾದಂಬರಿಯಲ್ಲಿ ಗುಂಡಿನ ವೇಗ ಸೆಕೆಂಡಿಗೆ 12,000 ಗಜ, ಅಂದರೆ ಸುಮಾರು 10.97 ಕಿಲೋಮೀಟರ್. ಭೂಮಿಯ ವಿಮೋಚನಾ ವೇಗ ಸುಮಾರು 11.2. ಎಷ್ಟು ಹತ್ತಿರ ಬಂದಿದ್ದಾನೆ ಅಲ್ವಾ? ಗುಂಡು ಅಲ್ಯೂಮಿನಿಯಂನದು, ಒಳಗೆ ಮೂರು ಜನ, ಹಾರಿಸುವ ಜಾಗ ಅಮೆರಿಕದ ಫ್ಲೋರಿಡಾ. 1870ರ ಎರಡನೇ ಭಾಗದಲ್ಲಿ ಅವರು ಚಂದ್ರನನ್ನು ಸುತ್ತಿ ಬಂದು ಬೀಳುವುದು ಪೆಸಿಫಿಕ್ ಸಾಗರಕ್ಕೆ. 1969ರಲ್ಲಿ ಅಪೋಲೋ 11 ಮೂರು ಜನರನ್ನು ಹೊತ್ತು ಹೊರಟದ್ದು ಫ್ಲೋರಿಡಾದಿಂದ, ವಾಪಸ್ ಬಂದು ಇಳಿದದ್ದು ಪೆಸಿಫಿಕ್‌ಗೆ.

ಆದರೆ ಎಲ್ಲಿ ತಪ್ಪಿದ ಅನ್ನುವುದೂ ಅಷ್ಟೇ ಸ್ವಾರಸ್ಯ. ಫಿರಂಗಿಯ ಉದ್ದ 900 ಅಡಿ, ಸುಮಾರು 274 ಮೀಟರ್. ಅಷ್ಟು ದೂರದಲ್ಲಿ ಸೊನ್ನೆಯಿಂದ ಆ ವೇಗಕ್ಕೆ ಏರಬೇಕು. ವೇಗದ ವರ್ಗವನ್ನು ಉದ್ದದ ಎರಡರಷ್ಟರಿಂದ ಭಾಗಿಸಿ. ಫಸ್ಟ್ ಇಯರ್ ಫಿಸಿಕ್ಸ್ ಸಾಕು. ಬರುವ ವೇಗೋತ್ಕರ್ಷ ಗುರುತ್ವದ ಇಪ್ಪತ್ತು ಸಾವಿರ ಪಟ್ಟಿಗೂ ಹೆಚ್ಚು. ಒಳಗಿದ್ದ ಮೂವರೂ ಹೆಂಚಿಗೆ ಅಂಟಿದ ದೋಸೆ ಆಗುತ್ತಿದ್ದರು. ವರ್ನ್‌ಗೆ ಈ ಹೊಡೆತದ ಅರಿವು ಇತ್ತು, ಅದಕ್ಕೇ ಗುಂಡಿನ ತಳದಲ್ಲಿ ನೀರಿನ ಮೆತ್ತೆ ಇಟ್ಟ. ಅದು ಸಾಲದು. ತಪ್ಪನ್ನು ನಾವು ಲೆಕ್ಕ ಮಾಡಿ ತೋರಿಸಬಹುದು ಅನ್ನುವುದೇ ಆತನಿಗೆ ಸಲ್ಲುವ ಗೌರವ. ಉದ್ದ, ವೇಗ, ಲೋಹ ಎಲ್ಲವನ್ನೂ ಪುಟದ ಮೇಲೆ ಬರೆದಿಟ್ಟವನನ್ನು ಮಾತ್ರ ಹೀಗೆ ಹಿಡಿಯಲು ಸಾಧ್ಯ.

ಜಲಾಂತರ್ಗಾಮಿಯನ್ನು ವರ್ನ್ ಕಂಡುಹಿಡಿದ ಅಂತ ಕ್ವಿಜ್‌ಗಳಲ್ಲಿ ಹೇಳುವುದಿದೆ. ಇಲ್ಲ. ಫುಲ್ಟನ್ ಎಂಬ ಅಮೆರಿಕನ್ 1800ರಲ್ಲೇ ನಾಟಿಲಸ್ ಎಂಬ ಹೆಸರಿನ ಒಂದನ್ನು ಕಟ್ಟಿದ್ದ. 1863ರಲ್ಲಿ ಫ್ರೆಂಚ್ ನೌಕಾಪಡೆ ಒತ್ತಿದ ಗಾಳಿಯಿಂದ ಓಡುವ ಇನ್ನೊಂದನ್ನು ನೀರಿಗಿಳಿಸಿತ್ತು. ವರ್ನ್ ಮಾಡಿದ್ದು ಅದಕ್ಕೆ ವಿದ್ಯುತ್ ಕೊಟ್ಟದ್ದು, ಒಳಗೆ ಗ್ರಂಥಾಲಯ ಇಟ್ಟದ್ದು, ಒಬ್ಬ ಗಾಯಗೊಂಡ ಮನುಷ್ಯನನ್ನು ಕೂರಿಸಿದ್ದು. ತಿಜೋರಿಯ ಕಾದಂಬರಿಯಲ್ಲೂ ಹಾಗೇ. ಗ್ಯಾಸ್ ಗಾಡಿಯ ಹಿಂದೆ ಲೆನ್ವಾರ್‌ನ ಎಂಜಿನ್ ಇತ್ತು, ಕಾಗದದ ನಕಲು ಕಳಿಸುವ ಯಂತ್ರದ ಹಿಂದೆ ಕಸೆಲ್ಲಿ ಎಂಬ ಇಟಲಿಯವನ ತಂತಿಯಂತ್ರ ಇತ್ತು. ಎರಡೂ ಆಗಿನ ಹೊಸ ಸುದ್ದಿಗಳು. ಇವತ್ತು ಒಂದೇ ಒಂದು ಇರುವ ಯಂತ್ರ ನಾಳೆ ಮನೆಮನೆಯಲ್ಲೂ ಇದ್ದರೆ ಬದುಕು ಹೇಗಿರುತ್ತದೆ? ವರ್ನ್ ದಿನಾ ಕೇಳಿಕೊಂಡ ಪ್ರಶ್ನೆ ಇದು.

ಇನ್ನೊಂದು ಮಾತು. ಸಮುದ್ರದಡಿಯ ಇಪ್ಪತ್ತು ಸಾವಿರ ಲೀಗ್ ಅನ್ನುವುದು ಆಳ ಅಲ್ಲ, ದೂರ. ಒಂದು ಲೀಗ್‌ಗೆ 4 ಕಿಲೋಮೀಟರ್ ಹಿಡಿದರೆ 80,000 ಕಿಲೋಮೀಟರ್, ಭೂಮಿಯನ್ನು ಎರಡು ಸುತ್ತು ಹಾಕಿದಷ್ಟು.

ಬೆಳಿಗ್ಗೆ ಐದು ಗಂಟೆ

1871ರಲ್ಲಿ ವರ್ನ್ ಹೆಂಡತಿಯ ಊರಾದ ಅಮಿಯೆನ್‌ಗೆ ಬಂದು ನೆಲೆಸಿದ. ಪ್ಯಾರಿಸ್‌ನ ಗದ್ದಲ ಬೇಡವಾಗಿತ್ತು. ಮುಂದಿನ ಮೂರು ದಶಕಕ್ಕೂ ಹೆಚ್ಚು ಕಾಲ ಆತನ ದಿನಚರಿ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಐದಕ್ಕೆ ಏಳುವುದು. ಹನ್ನೊಂದರವರೆಗೆ ಬರೆಯುವುದು, ತಿದ್ದುವುದು. ಬರೆಯುವ ಕೋಣೆ ಚಿಕ್ಕದು, ಒಂದು ಸಾದಾ ಮೇಜು, ಪಕ್ಕದಲ್ಲಿ ಒಂದು ಸಣ್ಣ ಮಂಚ. ಊಟವಾದ ಮೇಲೆ ಊರಿನ ಕೈಗಾರಿಕಾ ಸಂಘದ ವಾಚನಾಲಯಕ್ಕೆ ನಡೆದುಹೋಗಿ ಪತ್ರಿಕೆಗಳನ್ನು, ವಿಜ್ಞಾನ ಸಂಘಗಳ ವರದಿಗಳನ್ನು ಓದುವುದು. ಕಣ್ಣಿಗೆ ಬಿದ್ದದ್ದನ್ನು ಚೀಟಿಯಲ್ಲಿ ಬರೆದುಕೊಂಡು ವಿಷಯವಾರು ಜೋಡಿಸುವುದು. ಹೀಗೆ ಸೇರಿದ ಚೀಟಿಗಳು ಇಪ್ಪತ್ತು ಸಾವಿರಕ್ಕೂ ಮೇಲೆ. ಸರ್ಚ್ ಎಂಜಿನ್ ಇಲ್ಲದ ಕಾಲದಲ್ಲಿ ಆತ ತನ್ನದೊಂದನ್ನು ಕೈಯಿಂದಲೇ ಕಟ್ಟಿಕೊಂಡ ಅನ್ನಿ.

ಕಥೆಯ ಆದಿ, ಮಧ್ಯ, ಅಂತ್ಯ ಮೂರೂ ಗೊತ್ತಾಗದೆ ಬರೆಯಲು ಕೂರುತ್ತಿರಲಿಲ್ಲ. ಮೊದಲು ಪೆನ್ಸಿಲ್‌ನಲ್ಲಿ ಬರೆದು, ಆಮೇಲೆ ಅದರ ಮೇಲೇ ಶಾಯಿಯಲ್ಲಿ ಬರೆಯುವುದು. ಪುಟದ ಅರ್ಧ ಭಾಗ ತಿದ್ದುಪಡಿಗೆಂದೇ ಖಾಲಿ. ಅಚ್ಚಿನ ಮನೆಯಿಂದ ಕರಡು ಬಂದರೆ ಆಮೇಲೆ ಅಸಲಿ ಕೆಲಸ. ಒಂದೇ ಪುಸ್ತಕದ ಕರಡನ್ನು ಏಳೆಂಟು ಸಲ ತಿದ್ದಿ ಕಳಿಸುತ್ತಿದ್ದ. ಅಚ್ಚುಮೊಳೆ ಜೋಡಿಸುವವರು ಏನೆಂದುಕೊಂಡರೋ ದೇವರಿಗೇ ಗೊತ್ತು.

ಇದೆಲ್ಲ ಒಪ್ಪಂದದ ಗಡುವಿನೊಳಗೆ ಆಗಬೇಕಿತ್ತು. ಮೊದಮೊದಲು ವರ್ಷಕ್ಕೆ ಮೂರು ಸಂಪುಟ ಕೊಡಬೇಕೆಂಬ ಕರಾರು, 1871ರ ನಂತರ ಎರಡು. ಸಂಬಳದಂತೆ ನಿಗದಿಯಾದ ಹಣ. ಚಿತ್ರಗಳಿದ್ದ ಅದ್ದೂರಿ ಆವೃತ್ತಿಗಳ ಲಾಭದಲ್ಲಿ ದೊಡ್ಡ ಪಾಲು ಪ್ರಕಾಶಕನದೇ. ವರ್ನ್‌ನ ಕೈಗೆ ನಿಜವಾಗಿ ದೊಡ್ಡ ದುಡ್ಡು ಬಂದದ್ದು ಎಂಬತ್ತು ದಿನಗಳ ಕಥೆ 1874ರಲ್ಲಿ ನಾಟಕವಾಗಿ ಪ್ಯಾರಿಸ್‌ನ ರಂಗವನ್ನು ತುಂಬಿದಾಗ. ಯುವಕನಾಗಿದ್ದಾಗ ಒಲಿಯದ ರಂಗಭೂಮಿ ಬಳಸುದಾರಿಯಲ್ಲಿ ಒಲಿಯಿತು.

ಆ ಎಂಬತ್ತು ದಿನಗಳ ಕಥೆಯೂ ಒಂದು ಲೆಕ್ಕದ ಮೇಲೇ ನಿಂತಿದೆ. ಪೂರ್ವಕ್ಕೆ ಹೋಗುತ್ತಿದ್ದರೆ ಪ್ರತಿ ರೇಖಾಂಶಕ್ಕೆ ಸೂರ್ಯ ನಾಲ್ಕು ನಿಮಿಷ ಬೇಗ ಸಿಗುತ್ತಾನೆ. 360 ರೇಖಾಂಶಕ್ಕೆ 24 ಗಂಟೆ. ಸೋತೆ ಎಂದುಕೊಂಡ ಫಿಲಿಯಾಸ್ ಫಾಗ್‌ಗೆ ಒಂದು ಇಡೀ ದಿನ ಉಡುಗೊರೆಯಾಗಿ ಸಿಗುತ್ತದೆ. ಅದೇ ಪ್ರಯಾಣದಲ್ಲಿ ಫಾಗ್ ಮುಂಬಯಿಯಿಂದ ಕಲ್ಕತ್ತೆಗೆ ರೈಲಿನಲ್ಲಿ ಹೊರಟು, ನಡುವೆ ಹಳಿ ಮುಗಿದುಹೋಗಿ ಆನೆ ಹತ್ತುತ್ತಾನೆ. ವರ್ನ್ ಭಾರತಕ್ಕೆ ಕಾಲಿಟ್ಟವನೇ ಅಲ್ಲ. ಆತ ನಿಜವಾಗಿ ಹೋದದ್ದು ಸ್ಕಾಟ್ಲೆಂಡ್, ನಾರ್ವೆ, ಒಮ್ಮೆ ತಮ್ಮನ ಜತೆ ಭಾರೀ ಹಡಗಿನಲ್ಲಿ ಅಮೆರಿಕ, ಆಮೇಲೆ ಸ್ವಂತ ದೋಣಿಯಲ್ಲಿ ಯುರೋಪಿನ ಕರಾವಳಿ. ಉಳಿದ ಜಗತ್ತೆಲ್ಲ ಚೀಟಿಗಳಲ್ಲಿ ಕಂಡದ್ದು. ಹಾಗಾಗಿ ಆತನ ಭಾರತದಲ್ಲಿ ಕಣ್ಣಾರೆ ಕಂಡ ಊರುಕೇರಿಗಿಂತ ಆಗಿನ ಯುರೋಪಿನ ಪ್ರವಾಸಕಥನಗಳ ವಾಸನೆಯೇ ಹೆಚ್ಚು. ಅದನ್ನು ಒಪ್ಪಿಕೊಂಡೇ ಓದಬೇಕು.

ನೀಮೋ ಯಾರು?

ವರ್ನ್ ಯಾವಾಗಲೂ ತಲೆಬಾಗಿದ ಅಂದುಕೊಳ್ಳಬೇಡಿ. ಸಮುದ್ರದಡಿಯ ಕಾದಂಬರಿ ಬರೆಯುವಾಗ (1869-70) ದೊಡ್ಡ ಜಟಾಪಟಿಯೇ ನಡೆಯಿತು. ಕ್ಯಾಪ್ಟನ್ ನೀಮೋ ಯಾಕೆ ಹಡಗುಗಳನ್ನು ಮುಳುಗಿಸುತ್ತಾನೆ? ವರ್ನ್‌ನ ಮನಸ್ಸಿನಲ್ಲಿ ಆತ ಪೋಲೆಂಡಿನವನು, ರಷ್ಯಾದ ಸೈನ್ಯದಿಂದ ತನ್ನವರನ್ನೆಲ್ಲ ಕಳೆದುಕೊಂಡವನು. 1863ರಲ್ಲಿ ಪೋಲೆಂಡಿನ ದಂಗೆಯನ್ನು ರಷ್ಯಾ ತುಳಿದುಹಾಕಿದ್ದು ಆಗ ಹಸಿ ನೆನಪು. ಹೆಟ್ಜೆಲ್‌ಗೆ ರಷ್ಯಾದಲ್ಲಿ ಪುಸ್ತಕ ಮಾರಾಟವಾಗಬೇಕಿತ್ತು. ನೀಮೋನ ಶತ್ರುಗಳನ್ನು ಗುಲಾಮರ ವ್ಯಾಪಾರಿಗಳನ್ನಾಗಿ ಮಾಡಬಹುದಲ್ಲ ಎಂಬ ಸಲಹೆ ಬಂತು. ವರ್ನ್ ಒಪ್ಪಲಿಲ್ಲ. ಹಾಗೆ ಮಾಡಿದರೆ ನೀಮೋನ ಸೇಡಿಗೆ ಎಲ್ಲರೂ ತಲೆಯಾಡಿಸುತ್ತಾರೆ, ಪಾತ್ರದ ನೋವೇ ಸತ್ತುಹೋಗುತ್ತದೆ. ಕೊನೆಗೆ ಆತ ಹಿಡಿದ ದಾರಿ ಯಾವುದು? ನೀಮೋ ಯಾವ ದೇಶದವನು ಅಂತ ಹೇಳಲೇ ಇಲ್ಲ. ನೀಮೋ ಅಂದರೆ ಲ್ಯಾಟಿನ್‌ನಲ್ಲಿ ಯಾರೂ ಅಲ್ಲ ಎಂದರ್ಥ. ಹೇಳಬಾರದು ಅಂದದ್ದೇ ಪಾತ್ರದ ಗುಟ್ಟಾಯಿತು, ಆ ಗುಟ್ಟೇ ಪುಸ್ತಕವನ್ನು ಇಂದಿಗೂ ಎತ್ತಿ ಹಿಡಿದಿದೆ.

ಉತ್ತರ ಬಂದದ್ದು 1874-75ರ ನಿಗೂಢ ದ್ವೀಪದ ಕಾದಂಬರಿಯಲ್ಲಿ. ನಮ್ಮವರೆಲ್ಲ ಓದಲೇಬೇಕಾದ ಪುಸ್ತಕ ಅದು, ಯಾಕೆಂದರೆ ಅದರ ನಾಯಕ ಸೈರಸ್ ಸ್ಮಿತ್ ಎಂಬ ಎಂಜಿನಿಯರ್. ಬರಿಗೈಯಲ್ಲಿ ದ್ವೀಪಕ್ಕೆ ಬಿದ್ದ ಐವರು ಇಟ್ಟಿಗೆಯಿಂದ ಶುರು ಮಾಡಿ ಕಬ್ಬಿಣ, ಆಮ್ಲ, ಸ್ಫೋಟಕ, ಕೊನೆಗೆ ಟೆಲಿಗ್ರಾಫ್‌ವರೆಗೆ ಬರುತ್ತಾರೆ. ಅವರಿಗೆ ಕಾಣದಂತೆ ಸಹಾಯ ಮಾಡುತ್ತಿದ್ದವನು ಮುದುಕನಾದ ನೀಮೋ. ಸಾಯುವ ಮುಂಚೆ ತಾನು ಯಾರೆಂದು ಹೇಳುತ್ತಾನೆ. ಬುಂದೇಲಖಂಡದ ರಾಜಕುಮಾರ ದಕ್ಕರ್, 1857ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಎಲ್ಲವನ್ನೂ ಕಳೆದುಕೊಂಡವನು, ಮತ್ತು ನಮ್ಮ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನಿಗೆ ಸೋದರಳಿಯ! ಈ ನಂಟಸ್ತಿಕೆ ಕಾಲಗಣನೆಗೆ ಸಲೀಸಾಗಿ ಹೊಂದುವುದಿಲ್ಲ, ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಆದರೂ ಫ್ರಾನ್ಸಿನ ಒಂದು ಚಿಕ್ಕ ಕೋಣೆಯಲ್ಲಿ ಕೂತವನಿಗೆ ಬ್ರಿಟಿಷರನ್ನು ಎದುರಿಸಿದವರ ಹೆಸರು ಬೇಕಾದಾಗ ಕಾವೇರಿ ತೀರದ ಹೆಸರು ನೆನಪಾಯಿತಲ್ಲ!

ಇಂಗ್ಲಿಷ್‌ನಲ್ಲಿ ಓದುವವರಿಗೆ ಒಂದು ಎಚ್ಚರಿಕೆ. ಆ ಕಾಲದ ಇಂಗ್ಲಿಷ್ ಅನುವಾದದಲ್ಲಿ ಬ್ರಿಟಿಷರ ವಿರುದ್ಧದ ನೀಮೋನ ಮಾತುಗಳನ್ನು ತಿರುಚಿ ತೆಳು ಮಾಡಿದರು. ಎಂಜಿನಿಯರನ ಹೆಸರನ್ನೂ ಬದಲಿಸಿದರು. ಸಮುದ್ರದಡಿಯ ಕಾದಂಬರಿಯ ಮೊದಲ ಇಂಗ್ಲಿಷ್ ಅನುವಾದ ಸುಮಾರು ಕಾಲು ಭಾಗವನ್ನೇ ಕತ್ತರಿಸಿತ್ತು. ಅದರಲ್ಲಿ ನಾಟಿಲಸ್‌ನ ಉಕ್ಕು ನೀರಿಗಿಂತ ಹಗುರ! ದಶಮಾಂಶ ಬಿಂದು ಜಾರಿಬಿದ್ದರೆ ಏನಾಗುತ್ತದೆ ಅಂತ ನಮಗೆ ಹೇಳಿಕೊಡಬೇಕಾ? ಎಷ್ಟೋ ಕಾಲ ಇಂಗ್ಲಿಷ್ ಜಗತ್ತು ವರ್ನ್‌ನನ್ನು ಹುಡುಗರ ಲೇಖಕ, ಲೆಕ್ಕದಲ್ಲಿ ಸಡಿಲ ಎಂದುಕೊಂಡಿತು. ಆ ತಪ್ಪಿನಲ್ಲಿ ಒಳ್ಳೇ ಪಾಲು ಅನುವಾದಕರದು.

ಕುಂಟುತ್ತಲೇ ನಡೆದ ವರ್ಷಗಳು

1886ರ ಮಾರ್ಚ್ 9ರಂದು ವರ್ನ್ ಮನೆಗೆ ಬರುತ್ತಿದ್ದಾಗ ತಮ್ಮ ಪಾಲ್‌ನ ಮಗ ಗಾಸ್ತೋನ್ ಪಿಸ್ತೂಲಿನಿಂದ ಎರಡು ಸಲ ಗುಂಡು ಹಾರಿಸಿದ. ಹುಡುಗನಿಗೆ ಮಾನಸಿಕ ಕಾಯಿಲೆ ಇತ್ತು. ವರ್ನ್‌ಗೆ ತುಂಬ ಪ್ರೀತಿಯ ಹುಡುಗ. ಒಂದು ಗುಂಡು ಎಡಗಾಲಿಗೆ ಹೊಕ್ಕಿತು, ವೈದ್ಯರಿಗೆ ತೆಗೆಯಲಾಗಲಿಲ್ಲ. ಅಂದಿನಿಂದ ಕುಂಟು. ಎಂಟೇ ದಿನದಲ್ಲಿ ಹೆಟ್ಜೆಲ್ ತೀರಿಕೊಂಡ. ಮರುವರ್ಷ ತಾಯಿ. ದೋಣಿಯನ್ನು ಅಷ್ಟರಲ್ಲೇ ಮಾರಿಯಾಗಿತ್ತು. ಮಗ ಮಿಶೆಲ್‌ನ ಪುಂಡಾಟ, ಸಾಲ ಬಹಳ ವರ್ಷ ಕಾಡಿದ್ದವು. ಅವನನ್ನು ಒಮ್ಮೆ ಹಡಗು ಹತ್ತಿಸಿ ಭಾರತದ ಕಡೆ ಕಳಿಸಿಯೂ ಆಗಿತ್ತು.

ಇಷ್ಟಾದರೂ ಬೆಳಿಗ್ಗೆ ಐದರ ಪಾಠ ನಿಲ್ಲಲಿಲ್ಲ. 1888ರಲ್ಲಿ ಅಮಿಯೆನ್ ನಗರಸಭೆಗೆ ಆಯ್ಕೆಯಾಗಿ ಹದಿನೈದು ವರ್ಷ ಊರಿನ ರಂಗಮಂದಿರ, ರಸ್ತೆ, ಸರ್ಕಸ್ ಕಟ್ಟಡ ಅಂತ ಓಡಾಡಿದ. ಆ ಸರ್ಕಸ್ ಕಟ್ಟಡ ಇವತ್ತಿಗೂ ಇದೆ. ಕಾದಂಬರಿಗಳ ಬಣ್ಣ ಮಾತ್ರ ಕಪ್ಪಾಗುತ್ತ ಬಂತು. 1879ರಲ್ಲೇ ದೈತ್ಯ ಫಿರಂಗಿ ಎರಕ ಹೊಯ್ಯುವ ಉಕ್ಕಿನ ನಗರ ಬಂದಿತ್ತು. 1896ರ ಕಾದಂಬರಿಯಲ್ಲಿ ಭಯಾನಕ ಸ್ಫೋಟಕ ಕಂಡುಹಿಡಿದು ಅದನ್ನು ಮಾರಲು ಹೊರಡುವ ಸಂಶೋಧಕ ಬಂದ. ತನ್ನನ್ನೇ ಚಿತ್ರಿಸಿದ್ದಾನೆಂದು ಒಬ್ಬ ರಸಾಯನಶಾಸ್ತ್ರಜ್ಞ ಕೋರ್ಟಿಗೂ ಹೋದ, ವರ್ನ್ ಗೆದ್ದ. 1904ರಲ್ಲಿ ತನ್ನ ಯಂತ್ರವೊಂದರ ಬಲದಿಂದ ಇಡೀ ಜಗತ್ತಿಗೇ ಸವಾಲು ಹಾಕುವ ರೋಬರ್ ಬಂದ. ಎಂಜಿನಿಯರ್ ದ್ವೀಪವನ್ನು ಕಟ್ಟಬಲ್ಲ, ಹಾಗೆಯೇ ಜಗತ್ತನ್ನು ಹೆದರಿಸಲೂಬಲ್ಲ. ಎರಡನ್ನೂ ವರ್ನ್ ಬರೆದ.

ಸಕ್ಕರೆ ಕಾಯಿಲೆ, ಮಂದವಾದ ಕಣ್ಣು. 1905ರ ಮಾರ್ಚ್ 24ರಂದು ಅಮಿಯೆನ್‌ನಲ್ಲೇ ಪ್ರಾಣ ಬಿಟ್ಟ. ಲೋಕದ ತುಂಬ ಓದುಗರಿದ್ದರೂ ಫ್ರೆಂಚ್ ಅಕಾಡೆಮಿ ಕೊನೆಯವರೆಗೂ ಆತನನ್ನು ಒಳಗೆ ಕರೆಯಲಿಲ್ಲ. ಮೇಜಿನ ಮೇಲೆ ಉಳಿದ ಹಸ್ತಪ್ರತಿಗಳನ್ನು ಮಗ ಮಿಶೆಲ್ ತನಗೆ ಸರಿಕಂಡಂತೆ ತಿದ್ದಿ ಅಪ್ಪನ ಹೆಸರಿನಲ್ಲೇ ಪ್ರಕಟಿಸಿದ. ಬದುಕಿದ್ದಾಗ ಪ್ರಕಾಶಕನ ಪೆನ್ಸಿಲ್, ಸತ್ತ ಮೇಲೆ ಮಗನದು. ಮೂಲ ಪಾಠಗಳು ಓದುಗರಿಗೆ ಸಿಗಲು ಹಲವು ದಶಕ ಬೇಕಾಯಿತು.

ಹೆಟ್ಜೆಲ್ ಹೇಳಿದ್ದು ಸರಿಯಾ?

ತಿಜೋರಿಯ ಕಾದಂಬರಿ 1994ರಲ್ಲಿ ಅಚ್ಚಾಯಿತು. ಓದಿದರೆ ಹೆಟ್ಜೆಲ್‌ನ ಮಾತು ಪೂರ್ತಿ ತಪ್ಪು ಅನ್ನಿಸುವುದಿಲ್ಲ. ಕಥೆ ಅಲ್ಲಲ್ಲಿ ನಿಲ್ಲುತ್ತದೆ, ಪಾತ್ರಗಳು ಭಾಷಣ ಮಾಡುತ್ತವೆ, ಲೇಖಕನ ಸಿಟ್ಟು ಕಥೆಗಿಂತ ಮುಂದೆ ಓಡುತ್ತದೆ. ಅದು ಆಗಲೇ ಬಂದಿದ್ದರೆ ಚಂದ್ರಯಾನ, ನಾಟಿಲಸ್, ಸೈರಸ್ ಸ್ಮಿತ್ ಯಾರೂ ಹುಟ್ಟದೇ ಹೋಗಬಹುದಿತ್ತು. ಆ ಬೇಡ ಅನ್ನುವ ಪತ್ರದ ನಂತರ ನಲವತ್ತು ವರ್ಷದ ಕೆಲಸ ಇದೆ. ಆದರೆ ಹೆಟ್ಜೆಲ್ ಯಾರೂ ನಂಬುವುದಿಲ್ಲ ಎಂದ ಊರಿನಲ್ಲೇ ನಾವು ಇವತ್ತು ಕೂತಿದ್ದೇವೆ. ಮೆಟ್ರೋ ಹತ್ತಿ ಬರುತ್ತೇವೆ, ಕಾಗದದ ನಕಲನ್ನು ಕ್ಷಣದಲ್ಲಿ ಕಳಿಸುತ್ತೇವೆ. ನಂಬದೆ ಏನು ಮಾಡೋಣ?

ನನಗೆ ಅನ್ನಿಸುವುದು ಇಷ್ಟು. ವರ್ನ್‌ನಿಂದ ಕಲಿಯಬೇಕಾದದ್ದು ಭವಿಷ್ಯ ಹೇಳುವುದನ್ನಲ್ಲ. ಬೇಡ ಅನ್ನಿಸಿಕೊಂಡ ಮರುದಿನವೂ ಐದು ಗಂಟೆಗೆ ಏಳುವುದನ್ನು, ಗೊತ್ತಿಲ್ಲದ ಲೆಕ್ಕವನ್ನು ಗೊತ್ತಿದ್ದವರಿಂದ ಮಾಡಿಸಿಕೊಳ್ಳುವುದನ್ನು, ಒಂದೇ ಪುಟವನ್ನು ಎಂಟು ಸಲ ತಿದ್ದುವುದನ್ನು. ಈ ಪತ್ರಿಕೆಗೆ ಕಥೆ ಕಳಿಸಿ ವಾಪಸ್ ಪಡೆದವರು ನಮ್ಮಲ್ಲೇ ಇದ್ದಾರೆ, ನಾನೂ ಒಬ್ಬ. ಹಾಗೆ ಬಂದದ್ದನ್ನು ಹರಿಯಬೇಡಿ, ಎತ್ತಿಡಿ. ಮುಂದಿನದನ್ನು ಶುರು ಮಾಡಿ.

ಇನ್ನು ಮಿಶೆಲ್‌ನ ವಿಷಯ. ಆ ಹುಡುಗ ಇವತ್ತು ನಮ್ಮ ಕ್ಯಾ‌ಂಪಸ್‌ಗೆ ಬಂದು, ಲೈಬ್ರರಿಯಲ್ಲಿ ಒಂದು ಕವಿತೆಯ ಪುಸ್ತಕ ಕೇಳಿದ ಅಂದುಕೊಳ್ಳಿ. ಎರಡನೇ ಮಹಡಿಯಲ್ಲಿ, ಹಳೇ ಜರ್ನಲ್‌ಗಳ ಹಿಂದೆ, ಕನ್ನಡ ಪುಸ್ತಕಗಳ ಒಂದು ಗಾಜಿನ ಕಪಾಟು ಇದೆ. ಬೀಗ ಹಾಕಿದೆ. ಕೀಲಿ ಯಾರ ಹತ್ತಿರ ಇದೆ ಅಂತ ಹೋದ ವಾರ ನಾನು ಕೇಳಿಕೊಂಡು ಬಂದೆ. ಕೌಂಟರ್‌ನಲ್ಲೇ ಇದೆ, ಐಡಿ ಕಾರ್ಡ್ ತೋರಿಸಿದರೆ ಕೊಡುತ್ತಾರೆ.